ಕೊಂಡಿಯೂ ಉಂಗುರವೂ ಒಂದೇ ಅಂಕಿ

ಆಗಸ್ಟ್ 10, ಶನಿವಾರ

ನನ್ನ ಹೆಂಡತಿ ಗ್ಲೆಂಡಾ ಇವತ್ತು ತೀರ್ಪು ಕೊಟ್ಟುಬಿಟ್ಟಳು. ಕೊಯ್ಲು ಮುಗಿದ ಮೇಲೆ ಅವಳ ಅಣ್ಣ ಡೆಸ್ಮಂಡ್ ನನ್ನ ಜೊತೆ ಹೊಲಕ್ಕೆ ಬರಬೇಕಂತೆ, ಮಣ್ಣಿನಡಿಯ ಲೋಹ ಹುಡುಕುವುದನ್ನು ನಾನು ಅವನಿಗೆ ಕಲಿಸಬೇಕಂತೆ. ವಸಂತದಲ್ಲಿ ಅವನ ಹೆಂಡತಿ ನೊರೀನ್ ತೀರಿಕೊಂಡಾಗಿನಿಂದ ಅವನು ಅಡುಗೆಮನೆಯ ಕುರ್ಚಿ ಬಿಟ್ಟೇಳುವುದಿಲ್ಲ. ಟೀ ಆರಿ ಕೆನೆಗಟ್ಟಿದರೂ ಕಪ್ಪು ಹಿಡಿದೇ ಕೂತಿರುತ್ತಾನೆ. ಹೆಂಡತಿ ಸತ್ತವನಿಗೆ ಒಂದು ಹವ್ಯಾಸ ಬೇಕು, ಒಪ್ಪಿದೆ. ಅದು ನನ್ನ ಹವ್ಯಾಸವೇ ಆಗಬೇಕೆ? ಪಾರಿವಾಳ ಸಾಕಲಿ. ಜೀವಮಾನವೆಲ್ಲ ಬಸ್ಸು ಓಡಿಸಿದವನು, ಕಿಟಕಿಯಲ್ಲಿ ಕೂತು ಬಸ್ಸು ನೋಡಲಿ.

"ರೈತ ಟೆಬಟ್ ತನ್ನ ಹೊಲಕ್ಕೆ ಇಬ್ಬರನ್ನ ಮಾತ್ರ ಬಿಡೋದು" ಎಂದೆ.

"ನೀನೊಬ್ಬನೇ ತಾನೇ ಹೋಗೋದು? ಇನ್ನೊಬ್ಬ ಎಲ್ಲಿದಾನೆ?"

"ಯಾರಾದ್ರೂ ಸಿಗ್ತಾರೆ."

"ನಾಲ್ಕು ಜನ ಸಿಕ್ಕಿದ್ರು ಕ್ಲಿಫ್. ನಾಲ್ಕೂ ಜನ ನಿನ್ನ ನಾಲಿಗೆ ತಡೀಲಾರದೆ ಓಡಿಹೋದ್ರು. ಇವನು ನನ್ನಣ್ಣ, ಓಡಿಹೋಗಲ್ಲ."

ನೋಡೋಣ. ಟೆಬಟ್‌ನ ಕೆಳಗಿನ ಹೊಲದಲ್ಲಿ ನನಗೆ ಈವರೆಗೆ ಮೂರು ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಮೂರು ಬಿಡಿಯಾಗಿ ಸಿಕ್ಕಲ್ಲಿ ಎಲ್ಲೋ ನಾಣ್ಯ ತುಂಬಿ ಹೂತಿಟ್ಟ ಒಂದು ಮಡಕೆ ಇದ್ದೇ ಇರುತ್ತದೆ. ನಾನು ವರ್ಷಗಟ್ಟಲೆ ಬೆನ್ನು ಬಗ್ಗಿಸಿದ ಹೊಲದಲ್ಲಿ ನಿನ್ನೆ ಬಂದವನು ಎಡವಿ ಅದರ ಮೇಲೆ ಬೀಳುವುದು ನನಗೆ ಬೇಕಿಲ್ಲ.

ಆಗಸ್ಟ್ 14, ಬುಧವಾರ

ಡೆಸ್ಮಂಡ್‌ಗೆ ಲೋಹ ಹುಡುಕುವ ಯಂತ್ರ ಕೊಡಿಸಲು ಲಿಂಕನ್‌ಗೆ ಹೋಗಿದ್ದೆವು. ಅಂಗಡಿಯವನು ಮೇಜಿನ ಮೇಲೆ ಎರಡನ್ನು ಇಟ್ಟ. ಒಂದು ನನ್ನದರಂಥದ್ದೇ: ಒಂದು ಕೋಲು, ಒಂದು ತಟ್ಟೆ, ಒಂದು ಗುಂಡಿ. ಕೆಳಗೆ ಲೋಹವಿದ್ದರೆ ಕೀಂ ಎನ್ನುತ್ತದೆ, ಏನೆಂದು ಹೇಳುವುದಿಲ್ಲ, ಅಗೆದು ನೋಡಬೇಕು. ಇನ್ನೊಂದಕ್ಕೆ ಪರದೆ, ಕೆಳಗಿನ ಲೋಹಕ್ಕೆ ತಕ್ಕ ಅಂಕಿಗಳು, ಹತ್ತಾರು ಬಗೆಯ ಸದ್ದು. ಬೇಡದ ಲೋಹಕ್ಕೆ ಬಾಯಿ ಮುಚ್ಚಿಕೊಂಡಿರು ಎಂದು ಅದಕ್ಕೆ ಹೇಳಿಡಬಹುದು.

ಡೆಸ್ಮಂಡ್ ಮೊದಲನೆಯದನ್ನೇ ಕೈಗೆತ್ತಿಕೊಂಡ. "ಇದೇ ಸಾಕಲ್ವೇನಯ್ಯಾ? ನನ್ನ ತಲೆಗೆ ಒಂದು ಗುಂಡೀನೇ ಸರಿ."

"ಅದು ಮೊಳೆ ಕಂಡ್ರೂ ಅರಚುತ್ತೆ. ಸಾಯಂಕಾಲದ ಹೊತ್ತಿಗೆ ನಿನ್ನ ಮಂಡಿ ಕೈಲಿ ಬಂದಿರುತ್ತೆ. ದೊಡ್ಡದು ತಗೋ. ಅಗೆಯೋಕೆ ಮುಂಚೇನೇ ಕೆಳಗೇನಿದೆ ಅಂತ ಹೇಳುತ್ತೆ."

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದರ ಭಾಷೆ ಕಲಿಯಲು ಎರಡು ವರ್ಷ ಬೇಕು, ನಾನೇ ಅಂಥದೊಂದನ್ನು ಕೊಂಡು ತಿಂಗಳಲ್ಲಿ ಮಾರಿದ್ದೆ ಎಂಬುದನ್ನು ಹೇಳಲಿಲ್ಲ, ಅಷ್ಟೆ. ಮೂರು ಶನಿವಾರದಲ್ಲಿ ತಲೆ ಕೆಟ್ಟು ಮನೆಯಲ್ಲಿ ಕೂರುತ್ತಾನೆ. ಡೆಸ್ಮಂಡ್ ಬೆಲೆ ನೋಡಿ ಉಗುಳು ನುಂಗಿದ. ಕಾರಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, "ನೀನು ಜೊತೇಲಿದ್ದದ್ದು ಒಳ್ಳೇದಾಯ್ತು, ನಾನೊಬ್ಬನೇ ಬಂದಿದ್ರೆ ಮೋಸ ಹೋಗ್ತಿದ್ದೆ" ಎಂದ.

ಆಗಸ್ಟ್ 24, ಶನಿವಾರ

ಗೋಧಿ ಕೊಯ್ದಾಗಿದೆ. ಕೆಳಗಿನ ಹೊಲದಲ್ಲಿ ಬರೀ ಕೂಳೆ. ಗ್ಲೆಂಡಾ ಅವನಿಗೂ ಸೇರಿಸಿ ನಾಲ್ಕು ಮೊಟ್ಟೆ ಬೇಯಿಸಲು ಹೇಳಿದಳು. ನನಗೆ ಈ ವಯಸ್ಸಿನಲ್ಲಿ ಭಾವಮೈದುನನ ಮೊಟ್ಟೆ ಬೇಯಿಸುವ ಕೆಲಸ.

ಆ ದುಬಾರಿ ಯಂತ್ರ ಹೆಜ್ಜೆಗೊಮ್ಮೆ ಚಿಲಿಪಿಲಿ ಎಂದಿತು. ಹಿಂದೆ ಆಲೂಗಡ್ಡೆ ಆಯಲು ಬರುತ್ತಿದ್ದವರು ಬಿಯರ್ ಡಬ್ಬಿ ತೆರೆದು ಎಸೆದ ತಗಡಿನ ಕೊಂಡಿಗಳು ಆ ಹೊಲದ ತುಂಬ ಇವೆ. ಡೆಸ್ಮಂಡ್ ಒಂದೊಂದಕ್ಕೂ ಮಂಡಿಯೂರಿ, ಅಗೆದು, ಕೊಂಡಿ ತೆಗೆದು, ನನಗೆ ತೋರಿಸಿ, ಜೇಬಿಗೆ ಹಾಕಿಕೊಂಡ. ಮಧ್ಯಾಹ್ನದ ಹೊತ್ತಿಗೆ ಅವನ ಜೇಬು ಕುರಿಯ ಕೊರಳ ಗಂಟೆಯಂತೆ ಗಲಗಲ ಎನ್ನುತ್ತಿತ್ತು.

"ತಾ ಇಲ್ಲಿ" ಎಂದೆ. ಪರದೆಯಲ್ಲಿ ನಲವತ್ತರಿಂದ ಅರವತ್ತರವರೆಗಿನ ಅಂಕಿಗೆಲ್ಲ ಬಾಯಿ ಮುಚ್ಚಿಸಿದೆ. "ಕೊಂಡಿ ಎಲ್ಲ ಈ ಅಂಕೀಲೇ ಬರೋದು. ಇನ್ನು ಕಾಟ ಇರಲ್ಲ. ಒಂದು ಮಾತು ನೆನಪಿಟ್ಕೋ: ಮೆಷಿನ್ ಮಾತಾಡದೆ ಇದ್ರೆ ಅಗೀಬೇಡ."

"ಹೆಂಗೆ ಮಾಡ್ದೆ? ಇನ್ನೊಂದ್ಸಲ ತೋರಿಸು."

ತೋರಿಸಿದೆ. ಮೂರೇ ಒತ್ತು. ಅವನು ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ.

ಹೊಸಬರಿಗೆ ಎಲ್ಲರೂ ಹೀಗೇ ಮಾಡಿಕೊಡುತ್ತಾರೆ, ಯಾರೂ ನನ್ನನ್ನು ತಪ್ಪು ಎನ್ನಲಾರರು. ಚಿನ್ನವೂ ತೆಳು ಬೆಳ್ಳಿಯೂ ಅದೇ ಅಂಕಿಗಳಲ್ಲಿ ಬರುತ್ತವೆ ಎಂಬುದನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಡಕೆಯ ಮೇಲೇ ನಡೆದುಹೋದರೂ ಅವನಿಗೆ ಇನ್ನು ಏನೂ ಕೇಳಿಸದು.

ಆಗಸ್ಟ್ 31, ಶನಿವಾರ

ದಿನವಿಡೀ ಅವನ ಯಂತ್ರ ತುಟಿ ಬಿಚ್ಚಲಿಲ್ಲ. ಒಂದು ತಾಮ್ರದ ಪೆನ್ನಿ ಬಿಟ್ಟರೆ ಸೊನ್ನೆ. ಬೇಸರಪಟ್ಟನೆ? ಇಲ್ಲ, ಸಿಳ್ಳೆ ಹಾಕುತ್ತಿದ್ದ. "ಎಷ್ಟು ನೆಮ್ಮದಿಯಾಗಿದೆ ಕಣಯ್ಯಾ, ಮೆಷಿನ್‌ಗೆ ಬುದ್ಧಿ ಕಲಿಸಿಬಿಟ್ಟೆ ನೀನು." ಇಂಥ ಮೊದ್ದನ್ನು ಓಡಿಸುವುದಾದರೂ ಹೇಗೆ?

ಸೆಪ್ಟೆಂಬರ್ 7, ಶನಿವಾರ

ಬೇಲಿಯ ಪಕ್ಕ ಟೀ ಕುಡಿಯುವಾಗ ಅವನೇ ಬಾಯಿಬಿಟ್ಟ. ಅವನು ಬರುತ್ತಿರುವುದು ಹವ್ಯಾಸಕ್ಕಲ್ಲವಂತೆ.

"ಮದುವೆಯಾದ ವರ್ಷ ನೊರೀನ್ ಇದೇ ಹೊಲದಲ್ಲಿ ಆಲೂಗಡ್ಡೆ ಆಯೋಕೆ ಬರ್ತಿದ್ಲು, ಈ ಟೆಬಟ್‌ನ ಅಪ್ಪನ ಕಾಲದಲ್ಲಿ. ಚಳೀಗೆ ಬೆರಳು ಸಣ್ಣ ಆಗಿ ಉಂಗುರ ಜಾರಿಹೋಯ್ತು. ಸುತ್ತ ಎಲೆಬಳ್ಳಿ ಕೆತ್ತಿದ ಉಂಗುರ. ಮೂರು ದಿನ ಹುಡುಕಿದ್ವಿ. ಇನ್ನೊಂದು ಕೊಡಿಸ್ತೀನಿ ಅಂದೆ, ಬೇಡ ಅಂದ್ಲು. ನನ್ನ ಉಂಗುರ ಎಲ್ಲೂ ಹೋಗಿಲ್ಲ, ಟೆಬಟ್ ಹೊಲದಲ್ಲಿದೆ ಅಂತಿದ್ಲು, ಸಾಯೋವರೆಗೂ."

ನೊರೀನ್‌ಳ ಬೂದಿಯನ್ನು ಅವನು ಇನ್ನೂ ಹೂಳಿಲ್ಲ. ಪಾತ್ರೆ ಅಡುಗೆಮನೆಯ ಕಪಾಟಿನ ಮೇಲಿದೆಯಂತೆ. ಉಂಗುರ ಸಿಕ್ಕರೆ ಜೊತೆಯಲ್ಲಿಟ್ಟು ಹೂಳುವುದಂತೆ. ಅಕ್ಟೋಬರ್‌ನಲ್ಲಿ ಬಿತ್ತನೆಯಾದರೆ ಹೊಲ ಮುಚ್ಚಿದಂತೆ, ಮುಂದಿನ ವರ್ಷ ಟೆಬಟ್ ಅಲ್ಲಿ ಸೌರಫಲಕ ನೆಡಿಸುತ್ತಾನೆ. ಆಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ.

"ಇಂಥಾ ಮೆಷಿನ್ ಇಲ್ದೆ ಹೋಗಿದ್ರೆ ನಂಗೆಲ್ಲಿ ಧೈರ್ಯ ಬರ್ತಿತ್ತು" ಎಂದ.

ಆ ಅಂಕಿಗಳ ಬಾಯಿ ಬಿಡಿಸಬೇಕು. ಆದರೆ ಈಗ ಬಿಡಿಸಿದರೆ ಯಾಕೆಂದು ಕೇಳುತ್ತಾನೆ, ಇಷ್ಟು ದಿನ ನಡೆದ ಸಾಲುಗಳ ಲೆಕ್ಕ ಕೇಳುತ್ತಾನೆ. ಮುಂದಿನ ವಾರ ಹೇಗಾದರೂ ಮಾಡಿದರಾಯಿತು. ಅಷ್ಟಕ್ಕೂ ಈ ಮೊದ್ದ ಮೊದಲೇ ಹೇಳಬೇಕಿತ್ತು.

ಸೆಪ್ಟೆಂಬರ್ 14, ಶನಿವಾರ

ಉಂಗುರ ನನಗೆ ಸಿಕ್ಕಿತು.

ಅವನು ಆಗಷ್ಟೇ ನಡೆದುಹೋದ ಸಾಲು. ಅವನ ಬೂಟಿನ ಗುರುತಿನಿಂದ ಒಂದು ಗೇಣು ದೂರ. ನನ್ನ ಒಂದು ಗುಂಡಿಯ ಯಂತ್ರ ಕೀಂ ಎಂದಿತು. ಇನ್ನೊಂದು ಕೊಂಡಿ ಎಂದುಕೊಂಡೇ ಅಗೆದೆ. ಚಿನ್ನ ಎಷ್ಟು ವರ್ಷ ಮಣ್ಣಿನಲ್ಲಿದ್ದರೂ ಮಾಸುವುದಿಲ್ಲ, ಹೊಳೆಯುತ್ತಲೇ ಎದ್ದು ಬಂತು. ಎಲೆಬಳ್ಳಿಯ ಸಂದುಗಳಲ್ಲಿ ಮಾತ್ರ ಜೇಡಿ ಕಲ್ಲಿನಂತೆ ಕೂತಿತ್ತು.

ಡೆಸ್ಮಂಡ್ ಬೇಲಿಯ ಹತ್ತಿರ ಟೀ ಬಗ್ಗಿಸುತ್ತಿದ್ದ. "ಏನಯ್ಯಾ ಸಿಕ್ತು?" ಎಂದು ಕೂಗಿದ.

"ಕೊಂಡಿ" ಎಂದೆ.

ಕೊಟ್ಟಿದ್ದರೆ ಪೀಡೆ ಇವತ್ತೇ ತೊಲಗುತ್ತಿತ್ತು. ಕೊಡಲಿಲ್ಲ. ಅಗ್ಗದ ಯಂತ್ರದಲ್ಲಿ ಚಿನ್ನ ಸಿಕ್ಕಿತೆಂದು ಅವನು ಊರೆಲ್ಲ ಸಾರುತ್ತಾನೆ, ನಮ್ಮ ಲೋಹ ಹುಡುಕುವವರ ಸಂಘದವರೆಲ್ಲ ಈ ಹೊಲಕ್ಕೆ ನುಗ್ಗುತ್ತಾರೆ, ಕಾರಣ ಅದೇ. ಕಾರಿನಲ್ಲಿ ಅವನು ಮುಂದಿನ ವಾರ ಹಳ್ಳದ ಕಡೆಯಿಂದ ಶುರುಮಾಡೋಣ, ಹಂದಿಮಾಂಸದ ಪೈ ನಾನು ತರುತ್ತೇನೆ ಎಂದೆಲ್ಲ ಹೇಳುತ್ತಿದ್ದ. ಒಳ್ಳೆಯ ಪೈ ಎಲ್ಲಿ ಸಿಗುತ್ತದೆಂದು ಅವನಿಗೆ ಗೊತ್ತಿದೆ, ಅಷ್ಟನ್ನು ಒಪ್ಪಬೇಕು.

ಶೆಡ್ಡಿನಲ್ಲಿ ಕೂತು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಒಂದೊಂದು ಎಲೆಯನ್ನೂ ತೊಳೆದೆ. ಬೀಜದ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಸೆಪ್ಟೆಂಬರ್ 21, ಶನಿವಾರ

ಅವನ ಯಂತ್ರದ ತೋಳಪಟ್ಟಿ ಹರಿದಿತ್ತು, ನಿನ್ನೆ ಹೊಲಿದುಕೊಟ್ಟೆ. ಇಲ್ಲದಿದ್ದರೆ ದಿನವಿಡೀ ಗೊಣಗಾಟ ಕೇಳಬೇಕಿತ್ತು. ಪೈ ಚೆನ್ನಾಗಿತ್ತು.

ಬಸ್ಸಿಗೆ ಒಂದು ಮುದುಕಿ ಮೇಕೆ ಹತ್ತಿಸಿ, ಅದಕ್ಕೆ ಮಕ್ಕಳ ಟಿಕೆಟ್ಟು ಕೇಳಿದ ಕಥೆ ಹೇಳಿದ. ಮುದುಕಿಯ ದನಿಯಲ್ಲೇ ಹೇಳಿದ. ಟೀ ನನ್ನ ಮೂಗಿಗೇರಿತು. ಗಾಳಿಗೆ ಕಣ್ಣಲ್ಲಿ ಬಹಳ ನೀರು ಬಂತು.

ಹೊರಡುವಾಗ ಹೊಲದ ಕಡೆ ತಿರುಗಿ, "ಇಲ್ಲೇ ಎಲ್ಲೋ ಇದೆ ಕ್ಲಿಫ್. ಅವಳು ಇಲ್ಲೇ ಓಡಾಡ್ತಿದಾಳೆ ಅನ್ಸುತ್ತೆ" ಎಂದ. "ಹುಡುಕ್ತಾ ಇರು, ಸಿಗದೆ ಎಲ್ಲಿಗೆ ಹೋಗುತ್ತೆ" ಎಂದೆ.

ಸೆಪ್ಟೆಂಬರ್ 28, ಶನಿವಾರ

ಜಡಿಮಳೆ. ಬೇಡ ಎಂದರೂ ಕೇಳಲಿಲ್ಲ. ಕೆಮ್ಮುತ್ತ, ಕೆಸರಿನಲ್ಲಿ ಮಂಡಿಯೂರಿ, ಯಂತ್ರ ಬದಿಗಿಟ್ಟು ಬರಿಗೈಯಲ್ಲಿ ಸಾಲು ಕೆದಕಿದ. ಉಗುರಿನ ಸಂದಿಯಲ್ಲಿ ರಕ್ತ ಬಂದಿತ್ತು. ನಾನು ಕಾರಿನಲ್ಲಿ ಕೂತು ನೋಡಿದೆ. ಕೊನೆಗೆ ನನ್ನ ಮಳೆಯಂಗಿಯನ್ನು ಅವನ ಮೇಲೆ ಎಸೆದು ಬಂದೆ. ನಾಳೆ ಜ್ವರ ಬಂದರೆ ಗ್ಲೆಂಡಾ ನನ್ನನ್ನೇ ತಿನ್ನುತ್ತಾಳೆ.

ಆದರೆ ಅವಳು ಈಗ ನನ್ನನ್ನು ಬೈಯುವುದೇ ಇಲ್ಲ. "ಅಣ್ಣ ಊಟ ಮಾಡ್ತಿದಾನೆ, ನಿದ್ದೆ ಮಾಡ್ತಿದಾನೆ. ನಿನ್ನಿಂದ ಇದಾಗುತ್ತೆ ಅಂದ್ಕೊಂಡಿರ್ಲಿಲ್ಲ ಕಣೋ" ಎಂದು ನೆತ್ತಿಗೆ ಮುತ್ತಿಟ್ಟಳು. ಎಷ್ಟು ಕಾಲದ ಮೇಲೆ!

ಉಂಗುರ ಕೊಟ್ಟರೆ ಅವನು ಮತ್ತೆ ಆ ಕುರ್ಚಿಗೇ ಹೋಗಿ ಕೂರುತ್ತಾನೆ. ಕೊಡದಿರುವುದೇ ಅವನಿಗೆ ಒಳ್ಳೆಯದು ಎಂದು ಬರೆದಿಡುತ್ತೇನೆ.

ಅಕ್ಟೋಬರ್ 5, ಶನಿವಾರ

ಟೆಬಟ್ ಗೇಟಿನ ಹತ್ತಿರ ಟ್ರಾಕ್ಟರು ನಿಲ್ಲಿಸಿದ. "ಇಪ್ಪತ್ತೊಂದಕ್ಕೆ ಬಿತ್ತನೆ. ಅಷ್ಟರೊಳಗೆ ನಿಮ್ಮ ಮಂಡಿ ವ್ಯಾಯಾಮ ಮುಗಿಸ್ಕೊಳ್ಳಿ ಸ್ವಾಮಿ" ಎಂದು ನಕ್ಕು ಹೋದ.

ಡೆಸ್ಮಂಡ್ ಬದುವಿನ ಮೇಲೆ ಕುಸಿದು ಕೂತ. "ಸೋತೆ ಕಣಯ್ಯಾ. ಅವಳನ್ನ ಬರಿಗೈಲೇ ಹೂಳ್ತೀನಿ. ಇಷ್ಟು ಒಳ್ಳೇ ಮೆಷಿನ್, ಇಷ್ಟು ಒಳ್ಳೇ ಗುರು, ನನ್ನ ಹಣೇಲೇ ಇಲ್ಲ."

ಅವನು ಹೀಗೆ ಮೂಗೊರೆಸುತ್ತ ಕೂತರೆ ನನಗೆ ಸಹಿಸಲಾಗುವುದಿಲ್ಲ. ತೀರ್ಮಾನಿಸಿದ್ದೇನೆ. ಮುಂದಿನ ಶನಿವಾರ ಅವನಿಗೇ ಸಿಗಬೇಕು, ಅವನ ಯಂತ್ರದಿಂದಲೇ, ಅವನ ಕೈಯಿಂದಲೇ. ಆಮೇಲೆ ಬೇಕಾದರೆ ಮೇಲಿನ ಹೊಲಕ್ಕೂ ಬರಲಿ. ಅಪ್ಪಣೆ ಇರುವುದು ಇಬ್ಬರಿಗೆ.

ಅಕ್ಟೋಬರ್ 12, ಶನಿವಾರ

ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ.

ಅವನು ಗೇಟಿನಲ್ಲಿ ಟೆಬಟ್ ಜೊತೆ ಮಾತಿಗೆ ನಿಂತಾಗ ಕಾರಿನ ಹಿಂದಿನಿಂದ ಅವನ ಯಂತ್ರ ತೆಗೆದು ಮೂರು ಒತ್ತು ಒತ್ತಿದೆ. ಎಲ್ಲ ಅಂಕಿಗಳಿಗೂ ಬಾಯಿ ಬಂತು. ಮೂತ್ರಕ್ಕೆಂದು ಹೇಳಿ ಮುಂದೆ ಹೋದೆ. ಮುಳ್ಳುಮರದ ಎದುರಿನ ಎರಡನೇ ಸಾಲಿನಲ್ಲಿ ಉಂಗುರ ಇಟ್ಟು ಎರಡು ಬೆರಳು ಮಣ್ಣು ಮುಚ್ಚಿ, ಕೂಳೆಯನ್ನು ಮೊದಲಿದ್ದಂತೆ ಎಬ್ಬಿಸಿ ನಿಲ್ಲಿಸಿದೆ.

ಅವನು ನಿಧಾನವಾಗಿ ಬಂದ. ತಟ್ಟೆ ಎಡಕ್ಕೆ, ಬಲಕ್ಕೆ. ಉಂಗುರದ ಮೇಲೆಯೇ ಹಾಯಿತು. ಸದ್ದಿಲ್ಲ. ಅವನು ಮುಂದೆ ಹೋದ.

"ಅಲ್ಲೇ ಇನ್ನೊಂದ್ಸಲ ನೋಡಯ್ಯಾ" ಎಂದೆ.

ಮತ್ತೆ ಹಾಯಿಸಿದ. ಸದ್ದಿಲ್ಲ. "ಏನೂ ಇಲ್ಲ ಕ್ಲಿಫ್. ಮೆಷಿನ್ ಮಾತಾಡ್ತಿಲ್ಲ."

"ಮಾತಾಡದಿದ್ರೆ ಹೋಗ್ಲಿ, ಅಗೆದು ನೋಡು."

"ಮಾತಾಡದಿದ್ರೆ ಅಗೀಬೇಡ ಅಂತ ಹೇಳ್ಕೊಟ್ಟಿದ್ದು ನೀನೇ." ನಕ್ಕ. ಪರೀಕ್ಷೆಯಲ್ಲಿ ಪಾಸಾದವನ ಹಾಗೆ ಯಂತ್ರವನ್ನು ನನ್ನ ಮುಂದೆ ಹಿಡಿದ. "ಈಗ ಬರ್ತಾ ಗೇಟಿನ ಹತ್ರ ಒಂದು ಕೊಂಡಿಗೆ ಅರಚ್ಕೊಳ್ತು ಕಣಯ್ಯಾ. ನೀನು ಹಾಕಿಕೊಟ್ಟಿದ್ದು ಹೆಂಗೋ ಅಳಿಸಿಹೋಗಿತ್ತು. ನಾನೇ ಮತ್ತೆ ಹಾಕ್ಕೊಂಡೆ. ಮೂರೇ ಒತ್ತು. ಅಂಗೈ ನೋಡ್ದೇನೇ ಮಾಡ್ದೆ."

ಈ ಮೊದ್ದ ಕಲಿತುಬಿಟ್ಟಿದ್ದ. ಎರಡು ವರ್ಷ ಬೇಕೆಂದು ನಾನು ಎಣಿಸಿದ್ದನ್ನು ಎಂಟು ವಾರದಲ್ಲಿ ಕಲಿತಿದ್ದ.

ನನ್ನ ಯಂತ್ರವನ್ನು ತಂದು ಹಾಯಿಸಿದೆ. ಕೀಂ ಎಂದಿತು. "ಇಲ್ಲಿ ಅಗಿ" ಎಂದೆ. ಅಗೆದ.

ಕೂಗುತ್ತಾನೆ, ಕುಣಿಯುತ್ತಾನೆ ಎಂದುಕೊಂಡಿದ್ದೆ. ಮಂಡಿಯ ಮೇಲೆ ಕೂತು ಉಂಗುರವನ್ನು ತುಟಿಗೆ ಒತ್ತಿಕೊಂಡ, ಅಷ್ಟೆ. ಆಮೇಲೆ ಅದನ್ನು ಕೂಳೆಯ ಮೇಲಿಟ್ಟು ತನ್ನ ಯಂತ್ರವನ್ನು ಹಾಯಿಸಿದ. ಸದ್ದಿಲ್ಲ. ಮೂರು ಒತ್ತು ಒತ್ತಿ ಮತ್ತೆ ಹಾಯಿಸಿದ. ಯಂತ್ರ ಹಾಡಿತು.

"ಉಂಗುರಕ್ಕೂ ಕೊಂಡಿಗೂ ಒಂದೇ ಅಂಕೀನಾ?"

"ಹೂಂ."

"ನಿಂಗೆ ಮೊದಲೇ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿರೋದೇ."

ಅವನು ಉಂಗುರವನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಎಲೆಗಳ ಸಂದಿಗೆ ಉಗುರು ಹಾಕಿ ಎಳೆದ. ಉಗುರಿಗೆ ಏನೂ ಬರಲಿಲ್ಲ. ಮೂಸಿ ನೋಡಿದ.

"ಇಷ್ಟು ವರ್ಷ ಜೇಡಿಮಣ್ಣಲ್ಲಿದ್ದಿದ್ದು. ಯಾವತ್ತು ಸಿಕ್ತು ಕ್ಲಿಫ್?"

"ಈಗ. ನಿನ್ನೆದುರಿಗೇ."

ಅವನು ನನ್ನನ್ನು ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನಗೆ ಬೈಯುವುದು ಚೆನ್ನಾಗಿ ಬರುತ್ತದೆ. ಅವನು ಯಂತ್ರವನ್ನು ಅಲ್ಲೇ ಸಾಲಿನಲ್ಲಿ ಬಿಟ್ಟು ಗೇಟಿನ ಕಡೆ ನಡೆದ. ಟೆಬಟ್ ಜೊತೆ ಟ್ರಾಕ್ಟರು ಹತ್ತಿ ಹೋದ. ಅವನ ಪಾಲಿನ ಮೊಟ್ಟೆ ಚೀಲದಲ್ಲೇ ಇದ್ದವು.

ಅಕ್ಟೋಬರ್ 14, ಸೋಮವಾರ

ಗ್ಲೆಂಡಾ ನಿನ್ನೆ ಅಣ್ಣನ ಮನೆಗೆ ಹೋದವಳು ರಾತ್ರಿ ಬಂದು ಬೇರೆ ಕೋಣೆಯಲ್ಲಿ ಮಲಗಿದಳು. ಏನೆಂದು ಕೇಳಿದೆ. "ಏನೂ ಇಲ್ಲ" ಎಂದಳು.

ಅಕ್ಟೋಬರ್ 17, ಗುರುವಾರ

ಸಂಘದ ಸಭೆ, ಪಬ್ಬಿನ ಹಿಂದಿನ ಕೋಣೆಯಲ್ಲಿ. ತಿಂಗಳಿಗೊಮ್ಮೆ ಎಲ್ಲರೂ ತಮಗೆ ಸಿಕ್ಕಿದ್ದನ್ನು ಮೇಜಿನ ಮೇಲೆ ಜೋಡಿಸಿಡುತ್ತೇವೆ. ಮೆಚ್ಚಿದ ವಸ್ತುವಿನ ಮುಂದಿನ ಲೋಟಕ್ಕೆ ಪ್ರತಿಯೊಬ್ಬರೂ ಒಂದು ಒಣ ಬಟಾಣಿ ಹಾಕುವುದು. ಹೆಚ್ಚು ಬಟಾಣಿ ಬಿದ್ದವನು ಎದ್ದು ನಿಂತು, ಅದು ಸಿಕ್ಕ ಕಥೆ ಹೇಳಬೇಕು. ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ, ನನಗೆ ಒಮ್ಮೆಯೂ ಬಿದ್ದಿರಲಿಲ್ಲ.

ಮೇಜಿನ ನಡುವೆ ಉಂಗುರವಿತ್ತು. ಮುಂದೆ ಒಂದು ಚೀಟಿ, ಡೆಸ್ಮಂಡ್‌ನ ಅಕ್ಷರ: "ನೊರೀನ್ ಕ್ಯಾಟ್ಲಿ ಕಳೆದುಕೊಂಡದ್ದು. ಹುಡುಕಿಕೊಟ್ಟವರು ಕ್ಲಿಫರ್ಡ್ ಮಾಲ್ಟ್‌ಬಿ." ಲೋಟ ತುಂಬಿ ಬಟಾಣಿ ಮೇಜಿನ ಮೇಲೆ ಉರುಳುತ್ತಿತ್ತು. ಕಾರ್ಯದರ್ಶಿ ಎವ್ರಿಲ್ ಕಣ್ಣೊರೆಸಿಕೊಂಡು, "ಏಳಿ ಕ್ಲಿಫರ್ಡ್, ಇವತ್ತು ನಿಮ್ಮ ದಿನ" ಎಂದಳು. ನನ್ನನ್ನು ಬಿಟ್ಟುಹೋದ ನಾಲ್ವರಲ್ಲಿ ಇಬ್ಬರು ಬೆನ್ನು ತಟ್ಟಿದರು.

ಡೆಸ್ಮಂಡ್ ಮೊದಲ ಸಾಲಿನಲ್ಲಿದ್ದ. ಹೆಂಡತಿಯ ಸಾವಿಗೆ ಹಾಕಿದ್ದ ಕಪ್ಪು ಕೋಟು, ಕೈಕಟ್ಟಿ ಕೂತಿದ್ದ.

ಸಾಲು, ಮುಳ್ಳುಮರ, ಎರಡು ಬೆರಳಿನ ಆಳ, ಎಲ್ಲ ಹೇಳಿದೆ. ಚಪ್ಪಾಳೆಗೆ ಮುಂಚೆ ಅವನು ಕೈಯೆತ್ತಿದ.

"ದಿನ ಹೇಳ್ಲಿಲ್ವಲ್ಲಯ್ಯಾ. ಯಾವತ್ತು ಸಿಕ್ತು?"

"ಶನಿವಾರ."

"ಯಾವ ಶನಿವಾರ?"

ಕೋಣೆಯಲ್ಲಿ ಎಲ್ಲರೂ ನಗುಮುಖದಲ್ಲೇ ಕಾಯುತ್ತಿದ್ದರು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸು ನಿಲ್ಲಿಸಿಕೊಂಡು, ಓಡಿಬರುವವನಿಗಾಗಿ ಬಾಗಿಲು ತೆರೆದಿಟ್ಟು ಕೂತವನ ಹಾಗಿದ್ದ. ಸೆಪ್ಟೆಂಬರ್ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತೇನೋ.

"ಹೋದ ಶನಿವಾರ" ಎಂದೆ.

ಅವನು ತಲೆಯಾಡಿಸಿದ. ಮೊದಲು ಚಪ್ಪಾಳೆ ತಟ್ಟಿದವನೂ ಅವನೇ. ಆಮೇಲೆ ಎದ್ದು ಉಂಗುರವನ್ನು ಜೇಬಿಗೆ ಹಾಕಿಕೊಂಡು ಎಲ್ಲರತ್ತ ತಿರುಗಿದ. "ಶನಿವಾರ ಹನ್ನೊಂದು ಗಂಟೆಗೆ ನೊರೀನ್‌ಳನ್ನ ಚರ್ಚಿನಲ್ಲಿ ಹೂಳ್ತಿದೀವಿ, ಉಂಗುರದ ಜೊತೆ. ನೀವೆಲ್ಲರೂ ಬರಬೇಕು. ಆಮೇಲೆ ಮನೇಲಿ ಟೀ ಇದೆ." ಒಬ್ಬೊಬ್ಬರ ಹೆಸರನ್ನೂ ಹಿಡಿದು ಕರೆದ. ನನ್ನ ಹತ್ತಿರ ಬಂದಾಗ ಕೈಕುಲುಕಿದ.

"ನೀನು ಹೊಲಕ್ಕೆ ಹೋಗು ಕ್ಲಿಫ್. ಸೋಮವಾರ ಬಿತ್ತನೆ, ದಿನ ಹಾಳು ಮಾಡ್ಕೋಬೇಡ. ಆ ಮೆಷಿನ್ನೂ ನೀನೇ ಇಟ್ಕೋ."

ಎಲ್ಲರೂ ನಕ್ಕರು. ಹುಚ್ಚು ಹವ್ಯಾಸಿಗೆ ಎಂಥ ರಿಯಾಯಿತಿ ಎಂದುಕೊಂಡಿರಬೇಕು.

ಅಕ್ಟೋಬರ್ 19, ಶನಿವಾರ

ಗ್ಲೆಂಡಾ ಹತ್ತು ಗಂಟೆಗೆ ಕಪ್ಪು ಟೋಪಿ ಹಾಕಿಕೊಂಡು ಹೊರಟಳು. ಬರಲೇ ಎಂದು ನಾನು ಕೇಳಲಿಲ್ಲ, ಬಾ ಎಂದು ಅವಳೂ ಹೇಳಲಿಲ್ಲ.

ಹೊಲದಲ್ಲಿ ನಾನೊಬ್ಬನೇ. ಯಾರ ಸಿಳ್ಳೆಯೂ ಇಲ್ಲ, ಮೇಕೆ ಕಥೆಯೂ ಇಲ್ಲ. ಬೇಕಾಗಿದ್ದುದು ಇದೇ ತಾನೆ. ಹನ್ನೊಂದಕ್ಕೆ ಚರ್ಚಿನ ಗಂಟೆ ಕೇಳಿಸಿತು. ಅದಾದ ಸ್ವಲ್ಪ ಹೊತ್ತಿಗೆ ಹಳ್ಳದ ಬದಿಯಲ್ಲಿ ನಾಲ್ಕನೇ ಬೆಳ್ಳಿ ನಾಣ್ಯ ಸಿಕ್ಕಿತು. ಇದುವರೆಗೆ ಸಿಕ್ಕಿದ್ದರಲ್ಲೆಲ್ಲ ಚೆಂದದ್ದು, ರಾಜನ ಮೂಗು, ಗಡ್ಡ ಎಲ್ಲ ಹಾಗೇ ಇವೆ.

"ಡೆಸ್ಮಂಡ್, ಬಾರಯ್ಯಾ ಇಲ್ಲಿ" ಎಂದು ಬೇಲಿಯ ಕಡೆ ತಿರುಗಿ ಕೂಗಿದೆ. ಕಾಗೆಗಳೆದ್ದವು.

ಬಾಯಿತಪ್ಪಿ ಬಂದದ್ದು. ನಾಣ್ಯವನ್ನು ಒರೆಸಿ ಜೇಬಿಗೆ ಹಾಕಿಕೊಂಡೆ. ಸಂಜೆಯಾದರೂ ಗ್ಲೆಂಡಾ ಬಂದಿಲ್ಲ. ನಾಲ್ಕು ಮೊಟ್ಟೆ ಬೇಯಿಸಿಕೊಂಡು ಹೋಗಿದ್ದೆ, ಎರಡು ಹಾಗೇ ಉಳಿದಿವೆ.